ಕಾಗದದ ಕೊನೆಯ ಸಾಲು

ಅವಳ ನುಡಿನಮನಕ್ಕೆ ಬಂದವರ ತಲೆಗಳನ್ನು ನಾನು ಎಣಿಸಿದೆ. ಸಾವಿನ ಮನೆಯಲ್ಲಿ ತಲೆ ಎಣಿಸುವುದು ಒಳ್ಳೆಯ ಮ್ಯಾನರ್ಸ್ ಅಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಅಷ್ಟು ಕಲಿಸಿದ್ದರು. ಆದರೂ ಎಣಿಸಿದೆ. ಕೆರಗೋಡಿನ ಅವಳ ಮನೆಯ ಮುಂದೆ ಹಾಕಿದ್ದ ಶಾಮಿಯಾನ ತುಂಬಿಹೋಗಿ, ರಸ್ತೆಯಾಚೆಯ ಕಬ್ಬಿನ ಗದ್ದೆಯ ಬದುವಿನವರೆಗೂ ಹುಡುಗ ಹುಡುಗಿಯರು ನಿಂತಿದ್ದರು. ಕೆಲವರು ಫ್ಯಾಕ್ಟರಿಯ ಯೂನಿಫಾರಮಿನಲ್ಲೇ ಬಂದಿದ್ದರು, ಶಿಫ್ಟು ಮುಗಿಸಿ ನೇರ. ನೂರು ದಾಟಿದ ಮೇಲೆ ನಾನು ಲೆಕ್ಕ ಬಿಟ್ಟೆ. ನನ್ನ ದಿನಕ್ಕೆ ಎಷ್ಟು ಮಂದಿ ಬಂದಾರು ಎಂದು ಒಂದು ಗಳಿಗೆ ಯೋಚಿಸಿದೆ. ಆ ಲೆಕ್ಕ ಬೇಗ ಮುಗಿಯಿತು.

ಗೋಡೆಯಲ್ಲಿ ಬುದ್ಧನ ಪಟದ ಪಕ್ಕ ಅವಳ ಪಟ. ಕಾಲೇಜಿನ ಯಾವುದೋ ಗ್ರೂಪ್ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ತುರುಬಿನಲ್ಲಿ ಕನಕಾಂಬರ, ಕನಕಾಂಬರದ ಪಕ್ಕ ಹಳದಿ ಹಿಡಿಯ ಟೆಸ್ಟರ್. ಕರೆಂಟು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವ ಆ ಸಣ್ಣ ಸ್ಕ್ರೂಡ್ರೈವರನ್ನು ಅವಳು ಹೇರ್‌ಪಿನ್ನಿನ ಹಾಗೆ ತುರುಬಿಗೆ ಸಿಕ್ಕಿಸಿಕೊಂಡು ಮೂವತ್ತು ವರ್ಷ ಓಡಾಡಿದಳು. ನಾನು ಒಮ್ಮೆ, ತಮಾಷೆ ಎಂಬಂತೆ, "ಇದು ಸ್ವಲ್ಪ ಅನ್‌ಲೇಡಿಲೈಕ್ ಅಲ್ಲವೇ?" ಎಂದಿದ್ದೆ. ಅವಳಿಗೆ ಆ ಮಾತು ಅರ್ಥವಾಯಿತೋ ಇಲ್ಲವೋ, "ತುರುಬ್ನಲ್ಲಿದ್ರೆ ಕಳ್ದೋಗಕಿಲ್ಲ ಮೇಡಮ್ಮೋರೆ, ಜೇಬಿಲ್ವಲ್ಲ ಸೀರೆಗೆ" ಎಂದಳು. ತಮಾಷೆ ನನ್ನ ಕೈಯಲ್ಲೇ ಉಳಿಯಿತು. ಅವಳ ಜೊತೆ ಮಾತಾಡಿದಾಗಲೆಲ್ಲ ಹೀಗೇ ಆಗುತ್ತಿತ್ತು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾಲೇಜಿನಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆದವರಲ್ಲ. ಎಲೆಕ್ಟ್ರಿಕಲ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆದ್ದರಿಂದ ಹುಡುಗರೆಲ್ಲ 'ಲ್ಯಾಬಕ್ಕ' ಎನ್ನುತ್ತಿದ್ದರು, ಸುಮ್ಮನೆ 'ಅಕ್ಕ' ಎಂದರೂ ಅವಳೇ. ನನ್ನನ್ನು 'ಮ್ಯಾಮ್' ಎನ್ನುತ್ತಿದ್ದರು. ಬಸ್ಸಿನಲ್ಲಿ ಕಾಲು ತುಳಿದರೂ ಹುಡುಗರು ಯಾರಿಗಾದರೂ 'ಸಾರಿ ಮ್ಯಾಮ್' ಎನ್ನುತ್ತಾರೆ. ಅಕ್ಕ ಎಂದು ಕರೆಸಿಕೊಳ್ಳಲು ಏನು ಮಾಡಬೇಕೆಂದು ನನಗೆ ಯಾವ ಸಿಸ್ಟರೂ ಹೇಳಿಕೊಟ್ಟಿರಲಿಲ್ಲ. ನಾನು ಅವಳನ್ನು ಎದುರಿಗೆ 'ನೀವು' ಎನ್ನುತ್ತಿದ್ದೆ. ಮನಸ್ಸಿನಲ್ಲಿ ಯಾವತ್ತೂ 'ಅವಳು'. ಈಗ ಬರೆಯುವಾಗ ಮನಸ್ಸಿನಲ್ಲಿದ್ದದ್ದೇ ಬರುತ್ತಿದೆ, ಕ್ಷಮಿಸಿ.

ಮಂಡ್ಯದ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವಳು. ಆಮೇಲೆ ಮಕ್ಕಳಿಗೆ ಇಂಟರ್ನ್‌ಶಿಪ್ ಕಡ್ಡಾಯವಾಯಿತು: ಓದು ಮುಗಿಯುವುದರೊಳಗೆ ಯಾವುದಾದರೂ ಕಂಪನಿಯಲ್ಲೋ ಕಾರ್ಖಾನೆಯಲ್ಲೋ ಕೆಲವು ವಾರ ನಿಂತು ಕೆಲಸ ಕಲಿತು ಬರಬೇಕು, ಇಲ್ಲದಿದ್ದರೆ ಡಿಗ್ರಿ ಇಲ್ಲ. ಬೆಂಗಳೂರಿನ ಮಕ್ಕಳಿಗಾದರೆ ಪ್ರತಿ ಕಂಪನಿಯಲ್ಲೂ ಒಬ್ಬ ಚಿಕ್ಕಪ್ಪ ಇರುತ್ತಾನೆ. ಕೊತ್ತತ್ತಿ, ಯಲಿಯೂರು, ಮಳವಳ್ಳಿ ಕಡೆಯ ನಮ್ಮ ಮಕ್ಕಳಿಗೆ ಚಿಕ್ಕಪ್ಪಂದಿರು ಬೇಕಾದಷ್ಟು, ಎಲ್ಲರೂ ಗದ್ದೆಯಲ್ಲಿ. ಪ್ರಿನ್ಸಿಪಾಲರು ನನ್ನನ್ನು ಕರೆಸಿ ವಾರಕ್ಕೆ ಮೂರು ದಿನ ಬಂದು ಮಕ್ಕಳನ್ನು ತಯಾರು ಮಾಡಿ ಎಂದರು. ಜಾಗ ಹುಡುಕುವ ಕೆಲಸ ಅವಳಿಗೆ. ಅವಳು ಅದನ್ನು ಯಾರೂ ಹೇಳದೆಯೇ ಮೊದಲಿನಿಂದ ಮಾಡಿಕೊಂಡು ಬಂದಿದ್ದಳಂತೆ. ಅದು ನನಗೆ ಮೊದಲ ದಿನವೇ ಚುಚ್ಚಿತು.

ನನ್ನ ಕೋಣೆಯನ್ನು ನಾನು ಚೆನ್ನಾಗಿಯೇ ಇಟ್ಟಿದ್ದೆ. ಮೇಜಿನ ಮೇಲೆ ಅಮ್ಮ ಹೆಣೆದ ಲೇಸಿನ ಟೇಬಲ್‌ಕ್ಲಾತ್, ಗೋಡೆಗೊಂದು ನಿಲುವುಗನ್ನಡಿ. ಬಾಗಿಲು ತಟ್ಟುವುದು, ಬೆನ್ನು ನೆಟ್ಟಗಿಟ್ಟು ಕೂರುವುದು, ಎದುರಿನವರ ಕಣ್ಣು ನೋಡಿ ಮಾತಾಡುವುದು, ಎಲ್ಲವನ್ನೂ ಕಲಿಸುತ್ತಿದ್ದೆ. "ನೆವರ್ ಲುಕ್ ಲಾಸ್ಟ್" ಎನ್ನುತ್ತಿದ್ದೆ. ಪ್ರಶ್ನೆ ಅರ್ಥವಾಗದಿದ್ದರೂ ಮುಖದಲ್ಲಿ ಗೊಂದಲ ಕಾಣಬಾರದು, ನಸುನಕ್ಕು ತಲೆಯಾಡಿಸಿ, ಅಷ್ಟರಲ್ಲಿ ಉತ್ತರ ಹೊಳೆಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಇದು ಆಮೇಲೆ ನನ್ನನ್ನೇ ಹುಡುಕಿಕೊಂಡು ಬಂತು.

ಅವಳ ಲ್ಯಾಬಿನಲ್ಲಿ ಕನ್ನಡಿ ಇರಲಿಲ್ಲ. ಬೆಂಚಿನ ಮೇಲೆ ಯಾರದೋ ಪಂಪ್‌ಸೆಟ್ಟಿನ ಕೆಟ್ಟ ಸ್ಟಾರ್ಟರ್ ಬಾಕ್ಸು ಇಟ್ಟಿರುತ್ತಿದ್ದಳು. ಇಂಟರ್ನ್‌ಶಿಪ್ ಬೇಕೆಂದು ಬಂದವರನ್ನು ಅದರ ಮುಂದೆ ಕೂರಿಸಿ, "ಇದ್ಕೇನಾಗದೆ ನೋಡ್ಲಾ" ಎಂದು ಹೇಳಿ ತಾನು ಊಟಕ್ಕೆ ಕೂರುತ್ತಿದ್ದಳು. ಊಟ ಮಾಡುತ್ತ ನೋಡುತ್ತಿದ್ದಳು, ಅಷ್ಟೆ. ಅದೇ ಅವಳ ಇಂಟರ್ವ್ಯೂ. ಬಂದ ಕೂಡಲೇ ಉತ್ತರ ಹೇಳಿದವನನ್ನು, "ಬಿಚ್ದಲೇ ಯೋಳ್ತೀಯಲ್ಲ, ಜೋತಿಷ್ಯ ಕಲ್ತಿದ್ದೀಯೇನ್ಲಾ?" ಎಂದು ಎಬ್ಬಿಸುತ್ತಿದ್ದಳು. "ಗೊತ್ತಾಯ್ತಿಲ್ಲ ಕಣಕ್ಕ, ಬಿಚ್ಚಿ ನೋಡ್ಲಾ?" ಎಂದವನಿಗೆ ತುರುಬಿನಿಂದ ಟೆಸ್ಟರ್ ತೆಗೆದು ಕೊಡುತ್ತಿದ್ದಳು. ಆ ಟೆಸ್ಟರ್ ಕೈಗೆ ಬಂದರೆ ಜಾಗ ಸಿಕ್ಕ ಹಾಗೆ ಎಂದು ಹುಡುಗರು ಹೇಳಿಕೊಳ್ಳುತ್ತಿದ್ದರು. ನನ್ನ ಕೋಣೆಯಿಂದ ಹೊರಗೆ ಹೋಗುವವರು ಏನು ಹೇಳಿಕೊಳ್ಳುತ್ತಿದ್ದರೋ ನಾನು ಕೇಳಿಸಿಕೊಂಡಿಲ್ಲ.

ಒಂದು ಸಲ ಕೊತ್ತತ್ತಿಯ ಚಂದ್ರು ಎಂಬ ಹುಡುಗನಿಗೆ ನಾನು ಮಾಕ್ ಇಂಟರ್ವ್ಯೂ ಮಾಡುತ್ತಿದ್ದೆ. ಹಾಬಿ ಏನು ಎಂದೆ. "ರೀಡಿಂಗ್ ಬುಕ್ಸ್, ಮ್ಯಾಮ್" ಎಂದ. ಇತ್ತೀಚೆಗೆ ಓದಿದ್ದು ಯಾವುದು ಎಂದು ಕೇಳಿದರೆ ಕನ್ನಡಿಯ ಕಡೆ ನೋಡಿದ. ಅಷ್ಟರಲ್ಲಿ ಅವಳು ಯಾವುದೋ ಫೈಲು ಹಿಡಿದು ಬಾಗಿಲಿಗೆ ಬಂದಳು.

"ಏನ್ಲಾ ಚಂದ್ರ, ನಿಮ್ಮಪ್ಪನ ಮೋಟ್ರು ಸುಟ್ಟೋದಾಗ ಕಾಯಿಲ್ ಬಿಚ್ಚಿದ್ದು ಯಾರ್ಲಾ?"

"ನಾನೇ ಕಣಕ್ಕ."

"ಮತ್ತೆ ಅದ್ನ ಯೋಳಕ್ಕೇನ್ ದೊಡ್‌ರೋಗ ಬಂದಿರದು ನಿಂಗೆ? ಬುಕ್ ಓದ್ತೀನಿ ಅಂತೀಯ. ಮೇಡಮ್ಮೋರ್ ಮೂತಿ ನೋಡು, ಅವ್ರೇ ನಂಬಿಲ್ಲ."

ಹೊರಗೆ ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಚಂದ್ರುವೂ ನಕ್ಕ. ನಾನೂ ನಕ್ಕೆ, ಮುಖ ಕೆಡಿಸಿಕೊಳ್ಳದಷ್ಟು ಪಾಯ್ಸ್ ನನಗಿದೆ. ಆದರೆ ಆ ಹುಡುಗ ನಗುವಾಗ ಅವನ ಬೆನ್ನು ತಾನೇ ನೆಟ್ಟಗಾಯಿತು. ನಾನು ಎರಡು ವಾರದಿಂದ ನೆಟ್ಟಗೆ ಮಾಡಲು ಹೆಣಗಿದ್ದ ಬೆನ್ನು ಅದು.

ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನನ್ನ ಸ್ಯಾಂಡ್‌ವಿಚ್ ಡಬ್ಬಿಯನ್ನು ನೋಡಿ ಮರುಕಪಟ್ಟು ಒಂದು ದಿನ ನನಗೂ ಮುದ್ದೆ ಉಪ್ಸಾರು ತಂದಳು. ನಾನು ಚಮಚ ತೆಗೆದೆ. "ಮುದ್ದೇನ ಚಮ್ಚದಲ್ ತಿನ್ನೋರ್ನ ಇವತ್ತೇ ನೋಡಿದ್ದು ಕಣ್ರವ್ವ" ಎಂದು ಪಕ್ಕದ ಲ್ಯಾಬಿನವರನ್ನೂ ಕರೆದು ತೋರಿಸಿದಳು. ಉಪ್ಸಾರಿನ ಆ ಖಾರ ಇವತ್ತಿಗೂ ನನ್ನ ಅಡುಗೆಯವಳಿಗೆ ಬಂದಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.

ಈಗ ಅವಳ ಕಾಗದಗಳ ವಿಷಯ.

ಹುಡುಗರನ್ನು ಕಳಿಸುವಾಗ ಅವಳು ಫ್ಯಾಕ್ಟರಿಗೆ ಒಂದು ಕಾಗದ ಬರೆಯುತ್ತಿದ್ದಳು. ಮೇಲಿನ ಏಳೆಂಟು ಸಾಲು ಇಂಗ್ಲಿಷಿನಲ್ಲಿ, ಅದು ಮೇಲೆ ಏಸಿಯಲ್ಲಿ ಕೂರುವ ಮ್ಯಾನೇಜರಿಗೆ. ಆ ಸಾಲುಗಳನ್ನು ನನ್ನ ಹತ್ತಿರ ತಂದು, "ಕರೆಕ್ಟ್ ಮಾಡ್ಕೊಡಿ ಮೇಡಮ್ಮೋರೆ, ನನ್ ಇಂಗ್ಲಿಷ್ಗೆ ಕಾಲಿಲ್ಲ" ಎನ್ನುತ್ತಿದ್ದಳು. ನಾನು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದೆ. ಆ ಹತ್ತು ನಿಮಿಷ ನನಗೆ ಬಹಳ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ. ತಿದ್ದಿದ್ದನ್ನು ಅವಳು ನೀಲಿ ಇಂಕಿನಲ್ಲಿ ದುಂಡಗೆ ಕಾಪಿ ಮಾಡಿ, ಡಿಪಾರ್ಟ್‌ಮೆಂಟಿನ ಹೆಡ್ಡಿನ ಸಹಿ ಸೀಲು ಹಾಕಿಸಿ, ಆಮೇಲೆ ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸುತ್ತಿದ್ದಳು. ಆ ಸಾಲು ಕೆಳಗೆ ಮಿಷಿನ್ನಿನ ಹತ್ತಿರ ನಿಲ್ಲುವ ಸೂಪರ್‌ವೈಸರಿಗೆ. ಅದರಲ್ಲಿ ಆ ಮಗುವಿನ ಒಂದು ಕೊರತೆ ಇರುತ್ತಿತ್ತು, ಮತ್ತು ಅದು ಸರಿಹೋಗಲು ಎಷ್ಟು ದಿನ ಬೇಕೆಂಬುದು.

'ಬಯ್ದರೆ ಊಟ ಬಿಡ್ತಾನೆ. ನಾಲ್ಕು ದಿನ ಕೊಡಿ.'

'ಕೆಲಸ ಗೊತ್ತು, ಟೈಮು ಗೊತ್ತಿಲ್ಲ. ಒಂದು ವಾರ ಗೇಟಲ್ಲಿ ನಿಲ್ಲಿಸಿ.'

'ಏಣಿ ಹತ್ತಲ್ಲ, ಹತ್ತಿಸಬೇಡಿ. ಮಿಕ್ಕಿದ್ದಕ್ಕೆಲ್ಲ ಚಿನ್ನ.' ಇದಕ್ಕೆ ಮಾತ್ರ ದಿನ ಇರಲಿಲ್ಲ.

ಮೊದಲ ಸಲ ಓದಿದಾಗ ನಾನು ಬೆಚ್ಚಿದೆ. ರೆಕಮೆಂಡೇಶನ್ ಲೆಟರಿನಲ್ಲಿ ಯಾರಾದರೂ ಕೊರತೆ ಬರೆಯುತ್ತಾರೆಯೇ? ಹೌ ಕ್ರೂಡ್, ಅನ್ನಿಸಿತು. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ, ಸೀರೆಗೆ ಟವಲ್ಲಿನ ಸೆರಗು ಹೊಲಿದ ಹಾಗೆ. ಆದರೆ ಅವಳು ಕಳಿಸಿದ ಮಕ್ಕಳು ಜಾಗ ಸಿಗದೆ ವಾಪಸ್ ಬರುತ್ತಿರಲಿಲ್ಲ. ನಾನು ಈಮೇಲಿನಲ್ಲಿ ಕಳಿಸಿದ ಚೆಂದದ ರೆಸ್ಯೂಮೆಗಳಿಗೆ ಉತ್ತರವೇ ಬರುತ್ತಿರಲಿಲ್ಲ.

ಒಂದು ಸಲ ಕುತೂಹಲ ತಡೆಯಲಾರದೆ ಅವಳ ಜೊತೆ ಬಸ್ಸಿನಲ್ಲಿ ಮದ್ದೂರಿಗೆ ಹೋದೆ. ಊರಾಚೆ ಒಂದು ಕಾರ್ಖಾನೆ. ದೊಡ್ಡ ಕಟ್ಟಡಗಳ ಕರೆಂಟಿನ ಪ್ಯಾನೆಲ್ ಬೋರ್ಡುಗಳನ್ನು ಮಾಡುತ್ತಾರೆ. ಅಲ್ಲಿನ ಸೂಪರ್‌ವೈಸರ್ ಪುಟ್ಟಸ್ವಾಮಿ ಕೈ ಒರೆಸಿಕೊಂಡು ಬಂದು ಅವಳ ಕಾಗದ ಇಸಿದುಕೊಂಡು, ನಾನು ತಿದ್ದಿದ ಇಂಗ್ಲಿಷಿನ ಭಾಗವನ್ನು ಅಚ್ಚುಕಟ್ಟಾಗಿ ಹಿಂದಕ್ಕೆ ಮಡಿಚಿದ. ಉಳಿದ ಒಂದು ಸಾಲನ್ನು ಮಾತ್ರ ಓದಿದ.

"ಮೇಲಿಂದೂ ಓದಪ್ಪ, ಮೇಡಮ್ಮೋರು ಕಷ್ಟಪಟ್ಟವ್ರೆ" ಎಂದಳು ಅವಳು.

"ಮೇಲೆಲ್ಲ ಎಲ್ಲಾರೂ ಒಳ್ಳೇವ್ರೇಯ ಕಣಕ್ಕ. ನಂಗೆ ಇವ್ನು ಎಲ್ಲಿ ಕೈ ಸುಟ್ಕತಾನೆ ಅಂತ ಗೊತ್ತಾದ್ರೆ ಸಾಕು. ಈ ಸಾಲಿಲ್ದಿದ್ರೆ ನಾನು ಒಳೀಕೇ ಬುಡಕಿಲ್ಲ."

ಆ ಮಾತು ನನ್ನ ಕಿವಿಯಲ್ಲಿ ಬಿತ್ತು. ಚೆನ್ನಾಗಿಯೇ ಬಿತ್ತು. ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಲು ದಾರಿಯಿಲ್ಲ.

ಪವಿತ್ರ ಎಂಬ ಹುಡುಗಿ ಮಳವಳ್ಳಿಯಾಚೆಯ ಹಳ್ಳಿಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದಳು. ನನಗೆ ಮಕ್ಕಳಿಲ್ಲ. ಇದ್ದಿದ್ದರೆ ಹೀಗೆ ಇರುತ್ತಿದ್ದಳೇನೋ ಎಂದು ಯಾರ ಬಗ್ಗೆಯಾದರೂ ಅನ್ನಿಸಿದ್ದರೆ ಅವಳ ಬಗ್ಗೆ. ಹೇಳಿದ್ದನ್ನೆಲ್ಲ ಕಲಿತಳು. ಬಾಗಿಲು ತಟ್ಟುವುದರಲ್ಲೂ ಒಂದು ಗ್ರೇಸ್. ನನ್ನ ಫೌಂಟನ್ ಪೆನ್ನನ್ನು ಅವಳಿಗೆ ಕೊಟ್ಟೆ. ಹಳೆಯ ವಿದ್ಯಾರ್ಥಿಯೊಬ್ಬನಿಗೆ ನಾಲ್ಕು ಸಲ ಫೋನು ಮಾಡಿ, ಬೆಂಗಳೂರಿನ ಒಂದು ದೊಡ್ಡ ಆಫೀಸಿನಲ್ಲಿ ಅವಳಿಗೆ ಇಂಟರ್ನ್‌ಶಿಪ್ಪಿಗೆ ಮಾತಾಡಿಟ್ಟೆ.

ಪವಿತ್ರ ಒಂದು ಮಧ್ಯಾಹ್ನ ಬಂದು ನನ್ನ ಲೇಸಿನ ಅಂಚನ್ನೇ ನೋಡುತ್ತ ಹೇಳಿದಳು, "ಮ್ಯಾಮ್, ಬೆಂಗ್ಳೂರಲ್ಲಿ ಬರೀ ಪ್ರೆಸೆಂಟೇಶನ್ ಮಾಡಿಸ್ತಾರಂತೆ. ಮದ್ದೂರಲ್ಲಿ ಪ್ಯಾನೆಲ್ ವೈರಿಂಗ್ ಕೈಯಾರೆ ಕಲಿಬೋದು ಅಂತ ಅಕ್ಕ ಹೇಳಿದ್ರು. ಅಲ್ಲಿಗೇ ಹೋಗ್ತೀನಿ ಮ್ಯಾಮ್."

"ಆಫ್ ಕೋರ್ಸ್, ಮೈ ಡಿಯರ್" ಎಂದೆ. ಬೆನ್ನು ನೆಟ್ಟಗಿಟ್ಟುಕೊಂಡೇ ಹೇಳಿದೆ.

ಅದೇ ವಾರ ಲ್ಯಾಬಕ್ಕನ ಅತ್ತೆಗೆ ಮೈಸೂರಿನಲ್ಲಿ ಆಪರೇಶನ್. ಹೊರಡುವ ಆತುರದಲ್ಲಿ ಅವಳು ಪವಿತ್ರಳ ಕಾಗದದ ಡ್ರಾಫ್ಟನ್ನು ನನ್ನ ಮೇಜಿನ ಮೇಲಿಟ್ಟಳು. "ಇಂಗ್ಲಿಷ್ ಸರಿ ಮಾಡಿ ಆಪೀಸ್ನಲ್ಲಿ ಟೈಪ್ ಮಾಡಿಸ್ಬುಡಿ ಮೇಡಮ್ಮೋರೆ. ಕೊನೇದ್ನ ಮಾತ್ರ ನಿಮ್ ಕೈಲೇ ಕೆಳಗಡೆ ಬರ್ದ್ಬುಡಿ. ಮರೀಬ್ಯಾಡಿ." ಅಷ್ಟು ಹೇಳಿ ಬಸ್ಸಿಗೆ ಓಡಿದಳು.

ಕೊನೆಯದು ಹೀಗಿತ್ತು: 'ಅರ್ಥ ಆಗದಿದ್ದರೂ ನಗ್ತಾ ತಲೆ ಆಡಿಸ್ತಾಳೆ. ಹತ್ತು ದಿನ ಕೊಡಿ. ಹೇಳಿದ್ದನ್ನ ತಿರುಗಿ ಹೇಳಿಸಿ.'

ಎರಡು ಸಲ ಓದಿದೆ. ಹುಡುಗಿಯ ಕೊರತೆ ಎಂದು ಬರೆದದ್ದು ನನ್ನ ಪಾಠ. ನಿಲುವುಗನ್ನಡಿಯ ಮುಂದೆ ನಿಲ್ಲಿಸಿ ನಾನೇ ಕಲಿಸಿದ ನಗು ಅದು, ನಾನೇ ಕಲಿಸಿದ ತಲೆಯಾಟ. ಕರೆಂಟಿನ ಕೆಲಸದಲ್ಲಿ ಅರ್ಥವಾಗದೆ ತಲೆಯಾಡಿಸುವವರು ಎಂಥ ಅಪಾಯಕ್ಕೆ ಕೈ ಹಾಕುತ್ತಾರೆಂದು ಅವಳಿಗೆ ಗೊತ್ತಿತ್ತು. ನನಗೂ ಆ ಗಳಿಗೆಯಲ್ಲಿ ಗೊತ್ತಾಯಿತು. ಅದಕ್ಕೇ ಸಿಟ್ಟು ಬಂತು.

ಇಂಗ್ಲಿಷನ್ನು ಬಹಳ ಚೆನ್ನಾಗಿ ತಿದ್ದಿದೆ, ಯಾವತ್ತಿಗಿಂತ ಚೆನ್ನಾಗಿ. ಟೈಪಾಗಿ ಸಹಿಯಾಗಿ ಬಂದ ಹಾಳೆಯ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಳಿಯಾಗಿ ಉಳಿದಿತ್ತು. ಒಂದು ಫಾರ್ಮಲ್ ಲೆಟರಿನಲ್ಲಿ ಎರಡು ಭಾಷೆ ಬೆರೆಸಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಕಾಗದವನ್ನು ಹಾಗೆಯೇ ಮಡಿಚಿ ಪವಿತ್ರಳ ಕೈಗೆ ಕೊಟ್ಟು, "ಆಲ್ ದ ಬೆಸ್ಟ್" ಎಂದೆ. ಅವಳು ನಗುತ್ತ ತಲೆಯಾಡಿಸಿದಳು.

ಪುಟ್ಟಸ್ವಾಮಿ ಮೇಲಿನದನ್ನು ಮಡಿಚಿ ನೋಡಿದರೆ ಕೆಳಗೆ ಏನೂ ಇಲ್ಲ. "ಟೈಪಾದ್ರೆ ಆಗ್ಲಿ, ಕೊನೆ ಸಾಲೆಲ್ಲಿ? ಇದು ಅಕ್ಕನ ಕಾಗ್ದ ಅಲ್ಲ ಕಣವ್ವ" ಎಂದು ಹುಡುಗಿಯನ್ನು ಗೇಟಿನಿಂದಲೇ ವಾಪಸ್ ಕಳಿಸಿದ. ಆ ಸೀಟನ್ನು ಮಾರನೆಯ ದಿನ ಬೇರೆ ಕಾಲೇಜಿನ ಹುಡುಗನಿಗೆ ಕೊಟ್ಟರು. ಇಂಟರ್ನ್‌ಶಿಪ್ಪಿನ ಜಾಗದ ಹೆಸರನ್ನು ಯೂನಿವರ್ಸಿಟಿಯ ವೆಬ್ ಪೋರ್ಟಲ್ಲಿನಲ್ಲಿ ಏರಿಸಲು ಉಳಿದದ್ದು ಐದು ದಿನ. ಬೆಂಗಳೂರಿನ ಜಾಗವೂ ಅಷ್ಟರಲ್ಲಿ ತುಂಬಿಹೋಗಿತ್ತು. ಹುಡುಗಿ ಲ್ಯಾಬಿನ ಬಾಗಿಲ ಹತ್ತಿರ ಕೂತು ಅಳುತ್ತಿದ್ದಳು. ನನ್ನ ಕೋಣೆಗೆ ಬಂದು ಅಳಲಿಲ್ಲ. ಆ ಹೊತ್ತಿನಲ್ಲೂ ನಾನು ಗಮನಿಸಿದ್ದು ಅದನ್ನೇ.

ಮೈಸೂರಿನಿಂದ ಬಂದವಳು ಬ್ಯಾಗು ಕೂಡ ಇಳಿಸದೆ ಹುಡುಗಿಯನ್ನು ಕರೆದುಕೊಂಡು ಮದ್ದೂರಿನ ಬಸ್ಸು ಹತ್ತಿದಳು. ಅಲ್ಲಿ ಏನು ಹೇಳಿದಳೋ, ಎಷ್ಟು ಹೊತ್ತು ಗೇಟಿನಲ್ಲಿ ನಿಂತಳೋ, ನನಗೆ ಹೇಳಲಿಲ್ಲ. ಮೂರನೆಯ ದಿನ, ಕಾಗದವನ್ನು ತನ್ನ ಕೈಯಲ್ಲೇ ಹೊಸದಾಗಿ ಬರೆದುಕೊಟ್ಟು, ಒಂದು ಹೆಚ್ಚಿನ ಸೀಟು ಮಾಡಿಸಿಕೊಂಡು ಬಂದಳು. ಆಮೇಲೆ ನನ್ನ ಕೋಣೆಗೆ ಬಂದಳು. ನಾನು ಏನೋ ಓದುತ್ತಿರುವ ಹಾಗೆ ಕೂತಿದ್ದೆ.

"ಮೇಡಮ್ಮೋರೆ, ಆಪೀಸ್ನೋರು ಟೈಪ್ ಮಾಡೋವಾಗ ಕೊನೆ ಸಾಲು ಬುಟ್ಟೋಗದೆ" ಎಂದಳು.

ಕೊನೆಯ ಸಾಲನ್ನು ಆಫೀಸಿನವರು ಬರೆಯಬೇಕಾಗಿರಲಿಲ್ಲ. ಅವಳೇ ನನ್ನ ಕೈಗೆ ಒಪ್ಪಿಸಿ ಹೋದದ್ದು. ಇಬ್ಬರಿಗೂ ಅದು ಗೊತ್ತಿತ್ತು. ನಾನು ತಲೆಯೆತ್ತಿ, "ಹೌದೇ? ಹೌ ಕೇರ್‌ಲೆಸ್" ಎಂದೆ.

"ಅವ್ರಿಗೆ ನಾನು ಯೋಳ್ತೀನಿ ಬುಡಿ" ಎಂದು ಹೇಳಿ ಅವಳು ಲೇಸಿನ ಮೇಲೆ ಬಿದ್ದಿದ್ದ ಧೂಳನ್ನು ಕೈಯಿಂದ ಒರೆಸಿ ಹೋದಳು. ತಪ್ಪಿಸಿಕೊಳ್ಳಲು ನನಗೊಂದು ಬಾಗಿಲನ್ನು ಅವಳೇ ತೆರೆದಿಟ್ಟಳು. ನಾನು ಆ ಬಾಗಿಲಿನಿಂದ ನೆಟ್ಟಗಿನ ಬೆನ್ನಿನಲ್ಲೇ ಆಚೆ ಹೋದೆ. ಅವಳು ಬಯ್ದಿದ್ದರೆ ಇಷ್ಟು ವರ್ಷ ನೆನಪಿಡುತ್ತಿರಲಿಲ್ಲ.

ಕಾಗದಗಳ ತಿದ್ದುವಿಕೆ ಮಾತ್ರ ನಿಲ್ಲಲಿಲ್ಲ. ಅವಳು ತರುತ್ತಲೇ ಇದ್ದಳು, ನಾನು ತಿದ್ದುತ್ತಲೇ ಇದ್ದೆ. ತಾನು ರಿಟೈರ್ ಆಗುವ ದಿನ ಸಮಾರಂಭಕ್ಕೆ ಮುಂಚೆ, ರೇಷ್ಮೆ ಸೀರೆಯುಟ್ಟು, ಟೆಸ್ಟರ್ ಸಿಕ್ಕಿಸಿಕೊಂಡು, ಒಂದು ಹಾಳೆ ಹಿಡಿದು ಬಂದಳು. "ಇದೊಂದ್ ಕರೆಕ್ಟ್ ಮಾಡ್ಕೊಡಿ."

ಆ ಕಾಗದ ನನ್ನ ಬಗ್ಗೆ. ಮದ್ದೂರಿನ ಅದೇ ಕಾರ್ಖಾನೆಗೆ ಬರೆದದ್ದು. ಇನ್ನು ಮುಂದೆ ಈ ಮೇಡಂ ಮಕ್ಕಳನ್ನು ಕಳಿಸುತ್ತಾರೆ, ಬಹಳ ಓದಿದವರು, ಮಕ್ಕಳ ಮೇಲೆ ಪ್ರಾಣ ಇಟ್ಟಿದ್ದಾರೆ ಎಂದು ಅವಳ ಕಾಲಿಲ್ಲದ ಇಂಗ್ಲಿಷಿನಲ್ಲಿ. ಕೆಳಗೆ ಕನ್ನಡದಲ್ಲಿ ಒಂದು ಸಾಲು.

'ತನ್ನ ಮಕ್ಕಳು ಬೇರೆಯವರ ಹತ್ರ ಹೋದ್ರೆ ಈಯಮ್ಮನಿಗೆ ತಡೆಯೋಕಾಗಲ್ಲ. ______ ದಿನ ಕೊಡಿ.'

ಕೆಂಪು ಪೆನ್ನಿನ ಕ್ಯಾಪು ತೆಗೆದೆ. "ದಿನ ಬರೆದಿಲ್ಲವಲ್ಲ" ಎಂದು ಮಾತ್ರ ಕೇಳಿದೆ.

"ಎಷ್ಟ್ ದಿನ ಅಂತ ನಂಗೊತ್ತಾಗ್ನಿಲ್ಲ ಮೇಡಮ್ಮೋರೆ. ಹುಡುಗ್ರುದಾದ್ರೆ ಗೊತ್ತಾಯ್ತದೆ. ನೀವೇ ತುಂಬ್ಕಳಿ."

ಅವಳ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಸಿಗಲಿಲ್ಲ. ಇಂಗ್ಲಿಷನ್ನು ತಿದ್ದಿಕೊಟ್ಟೆ. ಅವಳು ಅಲ್ಲೇ ಕೂತು ನೀಲಿ ಇಂಕಿನಲ್ಲಿ ಕಾಪಿ ಮಾಡಿ, ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಟ್ಟು, ನನ್ನ ಕೈಗೆ ಕೊಟ್ಟಳು. ನಾನದನ್ನು ಡಿಕ್ಷನರಿಯೊಳಗೆ ಇಟ್ಟೆ. ಒಂದು ವರ್ಷ ಅದು ಅಲ್ಲೇ ಇತ್ತು. ಮಕ್ಕಳು ಕೆರಗೋಡಿನ ಬಸ್ಸು ಹತ್ತಿ ಅವಳ ಮನೆಗೇ ಹೋಗಿ ಕಾಗದ ಬರೆಸಿಕೊಂಡು ಬರುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡರೆ ನಾನು ತರಕಾರಿ ನೋಡುತ್ತಿರುವ ಹಾಗೆ ನಿಲ್ಲುತ್ತಿದ್ದೆ.

ಹೋದ ತಿಂಗಳು ಮೂರು ದಿನದ ಜ್ವರದಲ್ಲಿ ಅವಳು ಹೋಗಿಬಿಟ್ಟಳು.

ನುಡಿನಮನದ ದಿನ ಪವಿತ್ರ ನನಗೆ ಎಲೆ ಹಾಕಿ ಬಡಿಸಿದಳು. ಮದ್ದೂರಿನಲ್ಲೇ ಕೆಲಸಕ್ಕಿದ್ದಾಳೆ, ಈಗ ಅವಳ ಕೈ ಕೆಳಗೆ ಆರು ಜನ. ಮೈಕಿನ ಗದ್ದಲದಲ್ಲಿ ನಾನು ಅವಳಿಗೆ ಏನೋ ಹೇಳಿದೆ. ಹಳೆಯ ಪವಿತ್ರಳಾಗಿದ್ದರೆ ನಗುತ್ತ ತಲೆಯಾಡಿಸುತ್ತಿದ್ದಳು. ಇವಳು ಸೌಟು ಕೆಳಗಿಟ್ಟು ಬಗ್ಗಿ, "ಅರ್ಥ ಆಗ್ಲಿಲ್ಲ ಮ್ಯಾಮ್, ಇನ್ನೊಂದ್ಸಲ ಹೇಳಿ" ಎಂದಳು. ನಾನು ಹೇಳಹೊರಟಿದ್ದನ್ನು ನುಂಗಿಕೊಂಡು, "ಸಾರು ಚೆನ್ನಾಗಿದೆ" ಎಂದೆ. ಹತ್ತು ದಿನ ಕೊಡಿ ಎಂದು ಲ್ಯಾಬಕ್ಕ ಬರೆದಿದ್ದಳು. ಹತ್ತೇ ದಿನ ಹಿಡಿಯಿತಂತೆ. ಪುಟ್ಟಸ್ವಾಮಿ ಎಲ್ಲರಿಗೂ ಹೇಳುತ್ತಾನಂತೆ.

ಅದಾದ ವಾರಕ್ಕೆ ಈ ವರ್ಷದ ನಾಲ್ಕು ಮಕ್ಕಳು ನನ್ನ ಕೋಣೆಗೆ ಬಂದು ಸಾಲಾಗಿ ನಿಂತರು. ಅಕ್ಕ ಇಲ್ಲದೆ ಕಾಗದ ಬರೆಯುವವರಿಲ್ಲ. ಪೋರ್ಟಲ್ಲು ಮುಚ್ಚಲು ಹತ್ತು ದಿನ. ರೆಸ್ಯೂಮೆ ತೋರಿಸಿ ಎಂದೆ. ಫೋನಿನಲ್ಲಿರುವ ಎಐಗೆ ಹೇಳಿ ಬರೆಸಿಕೊಂಡಿದ್ದರು. ನಾಲ್ಕೂ ಒಂದೇ ಥರ, ತಪ್ಪೇ ಇಲ್ಲದ ಇಂಗ್ಲಿಷ್, ನನ್ನ ಕೆಂಪು ಪೆನ್ನಿಗೆ ಒಂದು ಚುಕ್ಕಿ ಇಡಲೂ ಜಾಗವಿಲ್ಲ.

ಕಾಗದ ಬರೆಯಲು ಕೂತೆ. ಮೇಲಿನ ಸಾಲುಗಳು ತಾವಾಗಿ ಬಂದವು. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ಈ ಮಕ್ಕಳ ಉಚ್ಚಾರಣೆಯ ತಪ್ಪುಗಳೆಲ್ಲ ನನಗೆ ಗೊತ್ತು, ಬೇರೆ ಯಾವ ತಪ್ಪೂ ಗೊತ್ತಿಲ್ಲ.

ಲ್ಯಾಬಿನಿಂದ ಆ ಕೆಟ್ಟ ಸ್ಟಾರ್ಟರ್ ಬಾಕ್ಸನ್ನು ತರಿಸಿ ಲೇಸಿನ ಮೇಲೆಯೇ ಇಡಿಸಿದೆ. ಗ್ರೀಸಿನ ಕಲೆ ಇನ್ನೂ ಹೋಗಿಲ್ಲ. ಒಬ್ಬೊಬ್ಬರನ್ನೇ ಅದರ ಮುಂದೆ ಕೂರಿಸಿ, ಸ್ಯಾಂಡ್‌ವಿಚ್ ಡಬ್ಬಿ ತೆರೆದು, ಮಾತಾಡದೆ ನೋಡಿದೆ. ಎರಡು ಮಧ್ಯಾಹ್ನ ಹಿಡಿಯಿತು. ಮಾತಾಡದೆ ಕೂರುವುದು ಇಷ್ಟು ಕಷ್ಟ ಎಂದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾಯಿತು. ಒಬ್ಬ ಸ್ಕ್ರೂ ಕಳೆದುಕೊಂಡು ತನಗಿಂತ ಮುಂಚೆ ಕೂತವನನ್ನು ದೂರಿದ. ಒಬ್ಬಳು ಬಿಚ್ಚಿದ್ದೆಲ್ಲ ಸರಿ, ಮತ್ತೆ ಜೋಡಿಸಲು ಹೆದರಿದಳು. ಯಲಿಯೂರಿನ ಹುಡುಗ ಸ್ವಿಚ್ ಆರಿಸಿದೆಯೋ ಇಲ್ಲವೋ ನೋಡದೆ ಮುಟ್ಟಲು ಹೋದ. ನಾಲ್ಕನೆಯವಳು ಎಲ್ಲ ಸರಿ ಮಾಡಿ, ನನ್ನ ಶಭಾಷ್‌ಗಿರಿಗೆ ಕಾದು ಕೂತಳು. ಅವಳ ಕೊರತೆ ನನಗೆ ಬೇಗ ಗೊತ್ತಾಯಿತು.

ನಾಲ್ಕು ಕಾಗದ ಬರೆದು, ಡಿಕ್ಷನರಿಯಿಂದ ಐದನೆಯದನ್ನು ತೆಗೆದುಕೊಂಡು ಮದ್ದೂರಿಗೆ ಹೋದೆ.

ಪುಟ್ಟಸ್ವಾಮಿಯ ಮೀಸೆ ಬೆಳ್ಳಗಾಗಿದೆ. ನಾಲ್ಕನ್ನೂ ಮಡಿಚಿ ಕೊನೆಯ ಸಾಲುಗಳನ್ನು ಓದಿದ. "ಬರ್ದಿರದು ಸರ್ಯಾಗದೆ ಮೇಡಂ. ಆದ್ರೆ ಅಕ್ಕನ ಮಾತಾದ್ರೆ ನಂಬ್ತಿದ್ದೆ. ನಿಮ್ದು ನಂಗೆಂಗ್ ಗೊತ್ತಾಯ್ತದೆ?"

ಬೇರೆ ದಾರಿ ಇರಲಿಲ್ಲ. ಐದನೆಯದನ್ನು ಕೊಟ್ಟೆ. ಅವನು ಇಂಗ್ಲಿಷನ್ನು ಹಿಂದಕ್ಕೆ ಮಡಿಚಿದ. ಓದಿದ. ನನ್ನನ್ನು ನೋಡಿದ, ಮತ್ತೆ ಓದಿದ.

"ಅಕ್ಕ ದಿನ ಬರ್ದಿಲ್ವಲ್ಲ?"

"ನೀವೇ ತುಂಬಿಕೊಳ್ಳಿ ಅಂದಿದ್ದರು."

"ತುಂಬ್ನಿಲ್ವಾ?"

"ಇನ್ನೂ ಮುಗಿದಿಲ್ಲಪ್ಪ" ಎಂದೆ. "ನುಡಿನಮನದ ದಿನ ಕೂಡ ಎಷ್ಟು ಜನ ಬಂದಿದ್ದಾರೆ ಅಂತ ಎಣಿಸಿದೆ."

ಅವನು ನಗಲಿಲ್ಲ. ಕಾಗದವನ್ನು ಮಡಿಚಿ, "ನಾಕೂ ಜನುವ ಸೋಮ್ವಾರ ಎಂಟ್ ಗಂಟ್ಗೆ ಗೇಟತ್ರ ಕಳ್ಸಿ" ಎಂದ.

ಆಮೇಲೆ ಮೇಜಿನ ಡ್ರಾಯರ್ ಎಳೆದ. ಒಳಗೆ ಒಂದು ದಪ್ಪ ಕಟ್ಟು, ಪ್ಯಾನೆಲ್ಲಿಗೆ ಸುತ್ತುವ ಹಸಿರು ವೈರಿನಲ್ಲಿ ಬಿಗಿದದ್ದು. ಎಲ್ಲದರಲ್ಲೂ ಅದೇ ನೀಲಿ ಇಂಕು, ಅದೇ ದುಂಡು ಅಕ್ಷರ. ವೈರು ಬಿಚ್ಚಿ ನನ್ನ ಬಗೆಗಿನ ಕಾಗದವನ್ನು ಆ ಕಟ್ಟಿಗೆ ಸೇರಿಸಿದ. ಕೊತ್ತತ್ತಿಯ ಚಂದ್ರು, ಪವಿತ್ರ, ಏಣಿ ಹತ್ತದ ಹುಡುಗ, ಅವರೆಲ್ಲರ ಜೊತೆ ಈಗ ನಾನೂ ಇದ್ದೇನೆ. ನಾನು ಬರೆದ ನಾಲ್ಕನ್ನು ಡ್ರಾಯರಿನ ಇನ್ನೊಂದು ಮೂಲೆಯಲ್ಲಿ ಸುಮ್ಮನೆ ಇಟ್ಟ. ನಾಲ್ಕೇ ಹಾಳೆಗೆ ವೈರು ಬೇಕಾಗುವುದಿಲ್ಲ.